ಆಲಿಕಲ್ಲಿನ ತಪಾಸಣೆ

ಜನವರಿ 14

ಫ್ರಿಜ್ ನಾಲ್ಕು ಡಿಗ್ರಿ. ಲಸಿಕೆ ಸರಿಯಾಗಿದೆ. ಸೋಲಾರ್ ಬ್ಯಾಟರಿ ಅರ್ಧ. ಬೆಳಿಗ್ಗೆಯಿಂದ ಬಂದವರು ಇಬ್ಬರು. ಒಬ್ಬನ ಕೈ ಕುಡುಗೋಲಿಗೆ ಕೊಯ್ದಿತ್ತು. ಇನ್ನೊಬ್ಬನಿಗೆ ರೇಡಿಯೊಗೆ ಸೆಲ್ ಬೇಕಿತ್ತು. ಆರೋಗ್ಯ ಪೋಸ್ಟ್ ಎಂದರೆ ಕಿರಾಣಿ ಅಂಗಡಿ ಅಂದುಕೊಂಡಿದ್ದಾನೆ ಮಹಾರಾಯ. ಬೈದು ಕಳಿಸಿದೆ.

ಎದೆ ಇನ್ನೂ ಕಲ್ಲು. ರವಿಕೆ ಮತ್ತೆ ಒದ್ದೆ. ಮದುವೆಯ ಸೊಂಟಪಟ್ಟಿಯನ್ನೇ ಎದೆಗೆ ಬಿಗಿದು ಕಟ್ಟಿದೆ. ಮೇಲೆ ಎರಡು ಸ್ವೆಟರ್, ಅದರ ಮೇಲೆ ಶಾಲು. ಬೇರೆ ಹೆಂಗಸಾಗಿದ್ದರೆ ಹಾಲು ನಿಲ್ಲುವ ಮಾತ್ರೆ ಕೊಡುತ್ತಿದ್ದೆ. ನಾನೇ ತೆಗೆದುಕೊಂಡರೆ ಯಾರಿಗೆ ಕೊಟ್ಟೆ ಎಂದು ಪುನೋ ಪಟ್ಟಣದ ಆರೋಗ್ಯ ಆಫೀಸಿನವರು ಕೇಳುತ್ತಾರೆ...

ಬರೆದುಬಿಡುತ್ತೇನೆ. ಒಮ್ಮೆ ಬರೆದರೆ ಮತ್ತೆ ಬರೆಯಬೇಕಿಲ್ಲ. ಕಳೆದ ವಾರ ಹೋಯಿತು. ಐದು ತಿಂಗಳು ತುಂಬಿತ್ತು. ಗಂಡು. ಸಂಜೆ ಬಿರುಗಾಳಿ, ಪೋಸ್ಟಿನ ರೇಡಿಯೊ ಕೆಟ್ಟಿತ್ತು, ತಿತಿಕಾಕಾ ಸರೋವರದ ಮೇಲೆ ಬೋಟು ಬಿಡುವ ಹಾಗೇ ಇರಲಿಲ್ಲ. ಒಬ್ಬಳೇ ಇದ್ದೆ. ನಮ್ಮ ಮೇಲಿನ ಪಟ್ಟಿ ಹೊಲದಲ್ಲಿ, ಕಲ್ಲುಗೋಡೆಯ ಬುಡದಲ್ಲಿ ಹೂತು ಬಂದೆ. ಯಾರಿಗೂ ಹೇಳಿಲ್ಲ. ಲಂಗದ ಮೇಲೆ ಲಂಗ ಉಡುವ ಊರು ಇದು, ಬಸಿರು ಎಂದು ಯಾರಿಗೂ ಗೊತ್ತೂ ಇರಲಿಲ್ಲ, ಮೆಲಿತೋನನ ಹೊರತು. ಗಂಡ ಅವನು. ಚಿನ್ನದ ಗಣಿಯಲ್ಲಿದ್ದಾನೆ, ಮೇಲೆ, ಹಿಮದ ಪಕ್ಕದಲ್ಲಿ. ಅವನಿಗೂ ಹೇಳಿಲ್ಲ.

ಯಾಕೆ ಎಂದರೆ — ಹೋದ ವರ್ಷ ಲಿಯೊನಾರ್ದಾ ಪುನೋಗೆ ಹೋಗುವ ಬೋಟಿನಲ್ಲೇ ರಕ್ತ ಹೋಗಿ ಸತ್ತಳು. ಅಂದಿನಿಂದ ಮನೆಮನೆ ತಿರುಗಿ ಹೇಳಿದ್ದೇನೆ: ಮನೆಯಲ್ಲಿ ಹೆರಬೇಡಿ, ಪೋಸ್ಟಿಗೆ ಬನ್ನಿ, ನನ್ನ ಹತ್ತಿರ ಬಂದರೆ ಕೂಸು ಸಾಯುವುದಿಲ್ಲ. ಹಾಗೇ ಹೇಳಿದ್ದೇನೆ, ಎದೆ ತಟ್ಟಿ. ಸಿಸ್ಟರ್ ಹೊಟ್ಟೆಯದೇ ಉಳಿಯಲಿಲ್ಲ ಎಂದು ಗೊತ್ತಾದರೆ ಇನ್ಯಾರು ಬರುತ್ತಾರೆ?

ರಿಪೇರಿಯಾದ ರೇಡಿಯೊದಲ್ಲಿ ಬಾರಿಯೊಸ್ ಮಾತಾಡಿದ, ಪುನೋ ಆಫೀಸಿನಿಂದ. ಹೊಸ ಪೋಸ್ಟಿಗೆ ಹಣ ಬಂದಿದೆಯಂತೆ. ಹೆರಿಗೆ ಕೋಣೆ, ಆಂಬುಲೆನ್ಸ್ ಬೋಟು, ಎಲ್ಲ. ಊರವರು ಜಾಗ ಬಿಟ್ಟುಕೊಟ್ಟು ಫೆಬ್ರುವರಿ ಮೊದಲ ವಾರದೊಳಗೆ ಹೆಬ್ಬೆಟ್ಟು ಒತ್ತಬೇಕು. ತಪ್ಪಿದರೆ ಹಣ ಬೇರೆ ದ್ವೀಪಕ್ಕೆ. "ನಿಮ್ಮ ಕಾಲಾವಾತಾ ದ್ವೀಪದವರು ಒಂದು ಮಾತಿಗೆ ಹತ್ತು ಮೀಟಿಂಗ್ ಮಾಡ್ತಾರೆ ಸಿಸ್ಟರ್, ನೀವೇ ಮುಂದೆ ನಿಂತು ಮುಗಿಸ್ಬೇಕು" ಎಂದ. ಮುಗಿಸುತ್ತೇನೆ ಎಂದೆ.

ಜನವರಿ 16, ಸಂಜೆ

ಬಿತ್ತು.

ಮಧ್ಯಾಹ್ನ ಬೊಲಿವಿಯಾ ಕಡೆಯಿಂದ ನೀರಿನ ಮೇಲೆ ಬೆಳ್ಳಗೆ ಗೋಡೆ ಎದ್ದ ಹಾಗೆ ಬಂತು. ಗಂಡಸರು ಗುಡ್ಡ ಹತ್ತಿ ಹಸಿ ಸೊಪ್ಪು ಸುಟ್ಟು ಹೊಗೆ ಎಬ್ಬಿಸಿದರು, ಕೊಂಬು ಊದಿದರು, ಮೋಡಕ್ಕೆ ರಾಕೆಟ್ ಹಾರಿಸಿದರು. ಏನೂ ನಡೆಯಲಿಲ್ಲ. ಕೋಳಿಮೊಟ್ಟೆಯಷ್ಟು ದೊಡ್ಡ ಆಲಿಕಲ್ಲು. ಪೂರ್ವದ ಇಳಿಜಾರು ಪೂರ್ತಿ ನೆಲಸಮ. ಆಲೂಗಡ್ಡೆ ಈಗಷ್ಟೇ ಹೂ ಬಿಟ್ಟಿತ್ತು. ಈ ವರ್ಷ ಅರ್ಧ ಊರಿಗೆ ತಿನ್ನಲು ಇಲ್ಲ.

ಪಶ್ಚಿಮದ ಕಡೆ ಒಂದು ಎಲೆ ಹರಿದಿಲ್ಲ. ನಮ್ಮ ಹೊಲ ಪೂರ್ವಕ್ಕಿದೆ.

ನಾನು ಓದಿದವಳು. ಆಲಿಕಲ್ಲು ಎಂದರೆ ಆವಿ, ಥಂಡಿ, ಗಾಳಿ. ಗೊತ್ತು. ಆದರೂ ಕಿಟಕಿ ಹಾಕಿದೆ, ಬಾಗಿಲಿಗೆ ಅಗಳಿಯನ್ನೂ ಜಡಿದೆ. ಗೋಡೆ ಬುಡದ ಮಣ್ಣು ಕೊಚ್ಚಿ ಹೋಗಿದ್ದರೆ? ನೋಡಿ ಬರುವ ಹಾಗೂ ಇಲ್ಲ. ಇನ್ನು ಯಾವ ಹೆಂಗಸು ಯಾವ ಹೊಲದಲ್ಲಿ ಎಷ್ಟು ಹೊತ್ತು ನಿಂತಳು ಎಂದು ಊರೇ ಕಣ್ಣಿಟ್ಟಿರುತ್ತದೆ.

ಇಲಾರಿಯಾ ಅಜ್ಜಿ ಪೋಸ್ಟಿನ ಮುಂದೆಯೇ ಹಾದು ಹೋದಳು. ನನ್ನನ್ನೂ ಸೇರಿಸಿ ಈ ಊರಿನ ಮುಕ್ಕಾಲು ಜನರ ಹೊಕ್ಕುಳಬಳ್ಳಿ ಕೊಯ್ದವಳು. ಪೋಸ್ಟ್ ಬಂದ ಮೇಲೆ ನನ್ನೊಡನೆ ಮಾತು ಅಷ್ಟಕ್ಕಷ್ಟೇ. ಇವತ್ತು ನಿಂತಳು.

"ಕಲ್ಲು ಸುಮ್ನೆ ಬರಲ್ಲ ವಿಸೆಂತಾ. ಯಾರನ್ನೋ ಹುಡುಕ್ಕೊಂಡು ಬಂದಿದೆ."

"ಶಾಲು ಹೊದ್ಕೊ ಅಜ್ಜಿ, ಥಂಡಿ" ಎಂದೆ.

ಜನವರಿ 17

ಶಾಲೆ ಅಂಗಳದಲ್ಲಿ ಸಭೆ. ಎಲ್ಲರ ಬಾಯಲ್ಲೂ ಕೋಕಾ ಎಲೆ. ಈ ವರ್ಷದ ಯಜಮಾನಿಕೆ ನಸಾರಿಯೊ ಮಾವನ ಸರದಿ. ಹೆಗಲಿಗೆ ಚಾಟಿ ಇಳಿಬಿಟ್ಟುಕೊಂಡು ಎದ್ದ.

"ಹೇಳೋದೇನಿದೆ. ಯಾರೋ ಒಬ್ಳು ಹೆಸರಿಡದ ಕೂಸನ್ನ ಹೊಲದಲ್ಲಿ ಮುಚ್ಚಿಟ್ಟಿದ್ದಾಳೆ. ಅದು ಅಳ್ತಿದೆ. ಅದರ ಅಳು ಕೇಳಿ ಕಲ್ಲು ಬಂದಿದೆ. ಅಮ್ಮ ಯಾರು ಅಂತ ಗೊತ್ತಾಗೋ ತನಕ ಬರ್ತಾನೇ ಇರುತ್ತೆ."

ಕೂತಿರಬಹುದಿತ್ತು. ಎದ್ದೆ. ಬಾಯಿ ಸುಮ್ಮನಿರುವುದಿಲ್ಲ ನನ್ನದು.

"ಮಾವ, ಇದು ಹವಾಮಾನ. ಪುನೋದಲ್ಲೂ ಬಿದ್ದಿದೆ."

"ಹವಾಮಾನ ಪಶ್ಚಿಮದವರಿಗೆ ಯಾಕಿಲ್ಲಮ್ಮ? ಅವರಿಗೇನು ರಜಾನಾ?"

ನಕ್ಕರು. ನಗು ಅಡಗಿದ ಮೇಲೆ ಅವನು ಮೆತ್ತಗೆ ಹೇಳಿದ:

"ಮೊದಲಾದ್ರೆ ಇಲಾರಿಯಾ ಅಜ್ಜಿ ಮನೆಮನೆಗೆ ಹೋಗಿ ಕಂಕುಳಲ್ಲಿ ಕೂಸಿಲ್ಲದ ಹೆಂಗಸರ ಎದೆ ಹಿಂಡಿ ಹಾಲಿದೆಯಾ ಅಂತ ನೋಡೋಳು. ಈಗ ಕಾಲ ಬೇರೆ. ಹೆಂಗಸರ ವಿಷ್ಯ ಪೋಸ್ಟಲ್ಲಿ ನೋಡ್ಬೇಕು, ಪರದೆ ಎಳೀಬೇಕು, ಕೈ ತೊಳೀಬೇಕು ಅಂತ ನೀನೇ ಅಲ್ವಾ ಹೇಳಿದ್ದು? ಸರಿ, ಒಪ್ಕೊಂಡ್ವಿ. ನೀನೇ ನೋಡು. ಹದಿನೆಂಟರಿಂದ ನಲವತ್ತೈದರ ತನಕ, ಗಂಡ ಇರ್ಲಿ ಬಿಡ್ಲಿ, ಒಬ್ರನ್ನೂ ಬಿಡ್ಬೇಡ."

ಎಲ್ಲರೂ ತಲೆಯಾಡಿಸಿದರು. ಹೆಂಗಸರು ಕೂಡ. ಅಜ್ಜಿಯ ಒರಟು ಕೈಗಿಂತ ಸಿಸ್ಟರ್ ವಾಸಿ ಎಂದು ಅವರಿಗೆ ಸಮಾಧಾನವೇ ಆಗಿತ್ತು. ಕಳ್ಳನ ಕೈಗೆ ಕೀಲಿಕೈ ಕೊಟ್ಟ ಹಾಗಾಯಿತು.

ಜಾಗದ ವಿಷಯ ಕೇಳಿದೆ. "ತಪಾಸಣೆ ಮುಗೀಲಿ. ಕಲ್ಲು ನಿಲ್ಲಿಸೋಕೆ ಬಾರದ ಪೋಸ್ಟಿಗೆ ಯಾಕಮ್ಮ ಜಾಗ?" ಎಂದ ನಸಾರಿಯೊ ಮಾವ. ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿಯೇ ಕೇಳಿದ. ಅವನ ಹೊಲವೂ ಪೂರ್ತಿ ಹೋಗಿದೆ.

ಸಭೆ ಮುಗಿಯುವ ಹೊತ್ತಿಗೆ ಯಾರದೋ ಕಂಕುಳ ಕೂಸು ಅತ್ತಿತು. ಪಟ್ಟಿಯೊಳಗೆ ಹಾಲು ಇಳಿಯಿತು, ಬಿಸಿಯಾಗಿ. ಶಾಲನ್ನು ಬಿಗಿಹಿಡಿದು ಮನೆಗೆ ನಡೆದೆ. ಓಡಲಿಲ್ಲ.

ಜನವರಿ 19

ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯಲ್ಲಿ ಮಾತ್ರ. ಭಾನುವಾರ ಮೆಲಿತೋನನ ಫೋನಿನ ದಿನ. ಹತ್ತಿದೆ. ಹೇಳಿಯೇಬಿಡುವುದು ಎಂದುಕೊಂಡೇ ಹತ್ತಿದ್ದು.

"ಆಲಿಕಲ್ಲು ಅಂತೆ?"

"ಹೂಂ. ನಮ್ದೂ ಹೋಯ್ತು."

"ಹೋಗ್ಲಿ ಬಿಡು. ನೀನು ಭಾರ ಎತ್ಬೇಡ. ನಮ್ಮ ಪುಟ್ಟ ಯಜಮಾನ್ರು ಹೇಗಿದ್ದಾರೆ? ಒದೀತಾರಾ?"

ಗಾಳಿ ಜೋರಾಗಿತ್ತು. ಪಕ್ಕದಲ್ಲಿ ಇನ್ನೂ ಮೂವರು ತಮ್ಮ ತಮ್ಮ ಫೋನು ಹಿಡಿದು ಕೂಗಾಡುತ್ತಿದ್ದರು.

"ಒದೀತಾರೆ" ಎಂದೆ.

ನಕ್ಕ. ಎಷ್ಟು ಖುಷಿಯಾಗಿ ನಕ್ಕ ಎಂದರೆ... ಕಾರ್ನಿವಲ್‌ಗೆ ಬರುತ್ತಾನಂತೆ.

ಇಳಿದು ಬರುವಾಗ ಅರ್ಧ ದಾರಿಯಲ್ಲಿ ಕೂತು ಅತ್ತೆ. ಅದೂ ತಪ್ಪೇ. ಈ ದಿನಗಳಲ್ಲಿ ಹೆಂಗಸು ದಾರಿಯಲ್ಲಿ ಕೂತು ಅಳಬಾರದು. ಕಾಲು ಉಳುಕಿದೆ ಎಂದು ಕುಂಟಿಕೊಂಡು ಮನೆ ಸೇರಿದೆ.

ಜನವರಿ 21

ತಪಾಸಣೆ, ಮೊದಲ ದಿನ.

ಪೋಸ್ಟಿನ ಮುಂದೆ ಸಾಲು. ಈ ಬಾಗಿಲ ಮುಂದೆ ಇಷ್ಟು ಹೆಂಗಸರನ್ನು ನಾನು ಒಟ್ಟಿಗೆ ನೋಡಿಯೇ ಇಲ್ಲ. ಲಸಿಕೆ ದಿನ ಡಂಗುರ ಹೊಡೆಸಿದರೂ ಬಾರದವರು, ಬೆಳಕು ಹರಿಯುವ ಮೊದಲೇ ಬುತ್ತಿ ಕಟ್ಟಿಕೊಂಡು ಬಂದು ಕೂತಿದ್ದಾರೆ. ಬೇಯಿಸಿದ ಆಲೂಗಡ್ಡೆ, ಹುರಿದ ಸಣ್ಣ ಮೀನು, ಜೊತೆಗೆ ಪೋಲಿ ಮಾತು.

"ಸಿಸ್ಟರ್, ನನ್ನ ಗಂಡ ಲೀಮಾಕ್ಕೆ ಹೋಗಿ ಎರಡು ವರ್ಷ ಆಯ್ತು. ನನ್ನಲ್ಲೇನಾದ್ರೂ ಸಿಕ್ರೆ ನನಗೇ ಮೊದ್ಲು ಹೇಳ್ಬಿಡಿ, ನಾನೂ ತಿಳ್ಕೋಬೇಕು ಯಾರು ಅಂತ."

ಬಂದವರನ್ನು ಸುಮ್ಮನೆ ಕಳಿಸುವುದು ಯಾಕೆ? ಬಿಪಿ ನೋಡಿದೆ, ರಕ್ತ ನೋಡಿದೆ, ಬಾಯಿ, ಕಣ್ಣು, ಹಲ್ಲು. ಎದೆಯನ್ನು ಎಲ್ಲಕ್ಕಿಂತ ಕೊನೆಗೆ, ಅದೂ ಗಂಟು ಏನಾದರೂ ಇದೆಯೇ ಎಂದು. ಪರದೆಯ ಆಚೆ ನಿಂತ ಹೆಂಗಸರಿಗೆ ಕೇಳುವ ಹಾಗೆ "ಏನೂ ಇಲ್ಲ, ಹೋಗಮ್ಮ" ಎನ್ನುತ್ತಿದ್ದೆ. ನನ್ನ ಪಟ್ಟಿ ನನಗೇ ಚುಚ್ಚುತ್ತಿತ್ತು.

ಹುಸ್ತಾ ಸಿಕ್ಕಿದಳು. ಏಳು ತಿಂಗಳ ಬಸುರಿ, ಒಮ್ಮೆಯೂ ಪೋಸ್ಟಿಗೆ ಬಂದವಳಲ್ಲ. ಬಿಪಿ ವಿಪರೀತ ಏರಿತ್ತು, ಇನ್ನೊಮ್ಮೆ ನೋಡಿದೆ, ಅಷ್ಟೇ. ಕಾಲು ಊದಿ ಕಂಬ. ತಲೆನೋವು ಇದೆಯಾ ಎಂದೆ. "ಇದೆ, ಅತ್ತೆ ಮಾತಾಡಿದಾಗೆಲ್ಲ" ಎಂದಳು. ಮಾತ್ರೆ ಕೊಟ್ಟೆ, ಮುಂದಿನ ಬೋಟಿಗೆ ಪುನೋಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಲೇಬೇಕು ಎಂದೆ. ಲಿಯೊನಾರ್ದಾಗೂ ಹೀಗೇ ಇತ್ತಂತೆ, ಆಮೇಲೆ ಗೊತ್ತಾದದ್ದು.

ಈ ಹಾಳು ತಪಾಸಣೆ ಇಲ್ಲದಿದ್ದರೆ ಹುಸ್ತಾ ಮಾರ್ಚಿನಲ್ಲಿ ಸಾಯುತ್ತಿದ್ದಳು. ಇದಕ್ಕೆ ಏನೆನ್ನಬೇಕು, ತಿಳಿಯುತ್ತಿಲ್ಲ.

ಜನವರಿ 22

ಮುಗಿಯಿತು. ಯಾರಲ್ಲೂ ಏನೂ ಇಲ್ಲ. ಇರುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬಾರದವಳು ಒಬ್ಬಳೇ. ನಿಲ್ಡಾ. ಅರೆಕೀಪಾದಲ್ಲಿ ಹೋಟೆಲ್ ಕೆಲಸ ಮಾಡಿ ಬಂದವಳು, ಜೀನ್ಸ್ ಹಾಕುತ್ತಾಳೆ, ಪ್ರವಾಸಿಗರನ್ನು ಇಳಿಸಿಕೊಳ್ಳುವ ಮೂರು ಕೋಣೆ ಕಟ್ಟಿಸಿದ್ದಾಳೆ. ನಮ್ಮಲ್ಲಿ ಪ್ರವಾಸಿಗರು ಬಂದರೆ ಮನೆ ಮನೆಗೆ ಸರದಿ ಮೇಲೆ ಹಂಚುವುದು ರೂಢಿ. ನಿಲ್ಡಾ ಫೋನಿನಲ್ಲೇ ಮಾತಾಡಿ ತನ್ನ ಗಿರಾಕಿಗಳನ್ನು ತಾನೇ ಕರೆಸಿಕೊಳ್ಳುತ್ತಾಳೆ. ಅದಕ್ಕೇ ಊರಿಗೆ ಅವಳ ಮೇಲೆ ಕಣ್ಣು.

ಹೋಗಿ ಕೇಳಿದೆ. ಹಾಸಿಗೆಯ ಬಟ್ಟೆ ಒಗೆಯುತ್ತಿದ್ದಳು.

"ಬರಲ್ಲಕ್ಕ."

"ಐದು ನಿಮಿಷ ನಿಲ್ಡಾ. ಬಿಪಿ ನೋಡಿ ಕಳಿಸ್ತೀನಿ. ಮುಟ್ಟೋದೂ ಇಲ್ಲ."

"ಮುಟ್ಟೋದು ಬಿಡೋದು ಅಲ್ಲ. ನಾನು ಬಂದ್ರೆ ಇದು ಸರಿ ಅಂತ ಒಪ್ಪಿದ ಹಾಗೆ. ನೀನು ಓದಿದವಳು, ನೀನೇ ಇದನ್ನ ಹೇಗೆ ಮಾಡ್ತಿದೀಯ?"

ಬಿಪಿ ಪಟ್ಟಿಯನ್ನು ಚೀಲಕ್ಕೆ ತುರುಕಿದೆ. ಬಕೆಟ್ಟಿನ ನೀರು ಚೆಲ್ಲಿ ಬಾಗಿಲು ಹಾಕಿಕೊಂಡಳು.

ಬಾರಿಯೊಸ್‌ಗೆ ಸಂಖ್ಯೆ ಹೇಳಿದೆ. ಕುಣಿದ. ಇಡೀ ಜಿಲ್ಲೆಯಲ್ಲಿ ಯಾವ ಪೋಸ್ಟೂ ಒಂದೇ ವಾರದಲ್ಲಿ ಇಷ್ಟು ಹೆಂಗಸರನ್ನು ನೋಡಿಲ್ಲವಂತೆ. "ಏನ್ ಮಂತ್ರ ಹಾಕಿದ್ರಿ ಸಿಸ್ಟರ್?" ಎಂದ.

ಜನವರಿ 27

ಮತ್ತೆ ಬಿತ್ತು. ಈ ಸಲ ಪಶ್ಚಿಮಕ್ಕೂ.

ಜನವರಿ 28

ಬೆಳಿಗ್ಗೆ ನಿಲ್ಡಾಳ ಬಾಗಿಲಿಗೆ ಯಾರೋ ಬೂದಿ ಸುರಿದಿದ್ದಾರೆ. ಅಂಗಡಿಯಲ್ಲಿ ಅವಳಿಗೆ ಎಣ್ಣೆ ಕೊಡಲಿಲ್ಲ. ಬೋಟಿನವರು ಅವಳನ್ನು ಹತ್ತಿಸಿಕೊಳ್ಳುವುದಿಲ್ಲ ಎಂದು ಹೇಳಿಯಾಗಿದೆ. ಅವಳ ಕೋಣೆಯಲ್ಲಿದ್ದ ಇಬ್ಬರು ಜರ್ಮನ್ನರನ್ನು ಮರ್ಯಾದೆಯಿಂದ ಬೇರೆ ಮನೆಗೆ ಸಾಗಿಸಿದರು. ಅವರಿಗೆ ಏನೂ ಅರ್ಥವಾಗಲಿಲ್ಲ, ಎಲ್ಲದರ ಫೋಟೊ ತೆಗೆದುಕೊಂಡರು.

ನಸಾರಿಯೊ ಮಾವ ಪೋಸ್ಟಿಗೆ ಬಂದ. ಟೋಪಿ ತೆಗೆದು ಕೂತ. ಮುಖ ಇಳಿದಿತ್ತು.

"ನೀನು ಎಲ್ಲರನ್ನೂ ನೋಡಿದೀಯ. ಯಾರಲ್ಲೂ ಇಲ್ಲ. ಉಳಿದಿದ್ದು ಒಬ್ಳು. ಫೆಬ್ರುವರಿ ಒಂದನೇ ತಾರೀಕು ಸಭೆ. ನೀನು ಎದ್ದು ಅಷ್ಟೇ ಹೇಳು — ನಿಲ್ಡಾ ಬಂದಿಲ್ಲ ಅಂತ. ಬೇರೆ ಏನೂ ಹೇಳ್ಬೇಡ. ಸುಳ್ಳೂ ಅಲ್ಲ."

"ಆಮೇಲೆ?"

"ಆಮೇಲೆ ಊರು ನೋಡ್ಕೊಳ್ಳುತ್ತೆ. ಅವಳು ಜಾಗ ತೋರಿಸ್ಬೇಕು. ತೋರಿಸ್ಲಿಲ್ಲಾಂದ್ರೆ ದ್ವೀಪ ಬಿಡ್ಬೇಕು. ಅದು ಮುಗಿದ ಕೂಡ್ಲೇ ನಿನ್ನ ಕಾಗದಕ್ಕೆ ಹೆಬ್ಬೆಟ್ಟು. ನನ್ನದೇ ಮೊದಲು."

ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ: "ನನ್ನ ಮಗಳು ಮುಂದಿನ ವರ್ಷ ಹೆರೋಳು. ನನಗೂ ಪೋಸ್ಟು ಬೇಕು ಕಣಮ್ಮ."

ನುಂಗಲಾರದ ತುತ್ತು. ಬಾಯಿ ಮುಚ್ಚಿಕೊಂಡಿದ್ದರೆ ಹೆರಿಗೆ ಕೋಣೆ ಬರುತ್ತದೆ, ಬೋಟು ಬರುತ್ತದೆ, ಹುಸ್ತಾ ಬದುಕುತ್ತಾಳೆ. ನಿಲ್ಡಾ ಹೋಗುತ್ತಾಳೆ. ಅವಳಿಗೆ ಅರೆಕೀಪಾದಲ್ಲಿ ಕೆಲಸ ಸಿಗುತ್ತದೆ... ಹೀಗೆಲ್ಲ ಲೆಕ್ಕ ಹಾಕುತ್ತಾ ಕೂತಿದ್ದೆ. ನಾಚಿಕೆಯಾಯಿತು. ಆದರೂ ಲೆಕ್ಕ ಹಾಕುವುದು ನಿಲ್ಲಲಿಲ್ಲ.

ಜನವರಿ 29

ಇಲಾರಿಯಾ ಅಜ್ಜಿ ಪೋಸ್ಟಿನ ಒಳಗೆ ಬಂದಳು. ಇದೇ ಮೊದಲು. ತಕ್ಕಡಿ ನೋಡಿದಳು, ಹಾಸಿಗೆ ಒತ್ತಿ ನೋಡಿದಳು, ಪರದೆ ಎಳೆದು ಬಿಟ್ಟಳು. "ಚೆನ್ನಾಗಿದೆ" ಎಂದಳು. ಮೊಣಕಾಲು ನೋವಿಗೆ ಮುಲಾಮು ಕೊಟ್ಟೆ. ಹಚ್ಚಿಕೊಳ್ಳುತ್ತಾ ತಲೆ ಎತ್ತದೆ ಕೇಳಿದಳು.

"ಎಲ್ಲರನ್ನೂ ನೀನು ನೋಡ್ದೆ. ನಿನ್ನ ಯಾರು ನೋಡಿದ್ರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗೆ ನನ್ನ ಕೈ ಶಾಲಿಗೆ ಹೋಯಿತು. ಅವಳು ಅದನ್ನೂ ನೋಡಿದಳು.

"ಯಾವಾಗಿಂದ ಗೊತ್ತು ಅಜ್ಜಿ?"

"ಬಸುರಿದ್ದದ್ದು ನವೆಂಬರಿನ ಸತ್ತವರ ಹಬ್ಬದಲ್ಲೇ ಗೊತ್ತಾಯ್ತು, ರೊಟ್ಟಿ ವಾಸ್ನೆಗೆ ಮುಖ ತಿರುಗಿಸ್ದೆ. ಇಲ್ಲದಿದ್ದದ್ದು ಈ ತಿಂಗಳು ಗೊತ್ತಾಯ್ತು, ನಡಿಗೆ ನೋಡಿ."

"ಯಾರಿಗೂ ಹೇಳ್ಲಿಲ್ಲ ನೀನು."

"ನಾನು ಹೇಳೋದಲ್ಲ ಅದು. ಅಮ್ಮ ಹೇಳ್ಬೇಕು. ಬೇರೆಯವರು ಹೇಳಿದ್ರೆ ಲೆಕ್ಕಕ್ಕಿಲ್ಲ." ಲಂಗ ಕೆಳಗೆ ಎಳೆದುಕೊಂಡಳು. "ಹೊಲದಿಂದ ತೆಗೀಬೇಕು. ಹೆಸರಿಡ್ಬೇಕು. ಉಪ್ಪು, ನೀರು. ಉಳೋ ನೆಲದಾಚೆ, ಬಂಡೆ ಹತ್ರ ಇಡ್ಬೇಕು. ಅಪ್ಪ ಅಮ್ಮ ಇಬ್ರೂ ಹೊತ್ಕೊಂಡು ಹೋಗ್ಬೇಕು. ಅಷ್ಟೇನಮ್ಮ. ಯಾರೂ ನಿನ್ನ ತಿನ್ನಲ್ಲ."

"ಪೋಸ್ಟು ಹೋಗುತ್ತೆ ಅಜ್ಜಿ. ನನ್ನ ಹತ್ರ ಕೂಸು ಸಾಯಲ್ಲ ಅಂತ ಹೇಳಿಟ್ಟಿದೀನಿ."

ಅದಕ್ಕೆ ಅವಳು ನಕ್ಕಳು. ಹಲ್ಲಿಲ್ಲದ ನಗು. "ನಾನು ಎಷ್ಟು ಕೂಸು ಕಳ್ಕೊಂಡಿದೀನಿ ಗೊತ್ತಾ? ಆದ್ರೂ ಬಂದ್ರು. ನೀನು ಯಾಕಮ್ಮ ಅಂಥ ಮಾತು ಹೇಳೋಕೆ ಹೋದೆ? ದೇವರೂ ಹೇಳಲ್ಲ ಅದನ್ನ."

ಸಿಟ್ಟು ಬಂತು. ಅವಳ ಮೇಲಲ್ಲ. ಹೋದ ಮೇಲೆ ತುಂಬಾ ಹೊತ್ತು ಫ್ರಿಜ್ಜಿನ ಬಾಗಿಲು ತೆಗೆದು ಹಾಕಿ ತೆಗೆದು ಹಾಕಿ ನಿಂತಿದ್ದೆ. ಆರು ಡಿಗ್ರಿಗೆ ಏರಿಬಿಟ್ಟಿತ್ತು.

ಜನವರಿ 31

ಬಾರಿಯೊಸ್ ಬಂದಿಳಿದಿದ್ದಾನೆ. ನಾಳೆ ಸಭೆಯಲ್ಲೇ ಹೆಬ್ಬೆಟ್ಟು ಒತ್ತಿಸಿಕೊಂಡು, ಫೋಟೊ ತೆಗೆಸಿಕೊಂಡು ಹೋಗುತ್ತಾನಂತೆ. ಉಳಿದುಕೊಳ್ಳಲು ಹೋದದ್ದು ನಿಲ್ಡಾಳ ಮನೆಗೆ. ಬಿಸಿನೀರು ಬರುವುದು ಅಲ್ಲಿ ಮಾತ್ರ.

ಅವನಿಗೆ ಊರ ಸಂಗತಿ ಎಲ್ಲ ತಿಳಿಸಿದೆ, ನನ್ನದನ್ನು ಬಿಟ್ಟು. ತಲೆ ಕೆರೆದುಕೊಂಡ.

"ಮೂಢನಂಬಿಕೆ. ಆದ್ರೆ ನೋಡಿ ಸಿಸ್ಟರ್, ನಾವು ಇವರನ್ನ ತಿದ್ದೋಕೆ ಬಂದಿಲ್ಲ. ಸೈನ್ ಮುಖ್ಯ. ಆ ಹುಡುಗಿ ಬಂದಿಲ್ಲ ಅಂತಾನೇ ಹೇಳಿಬಿಡಿ, ನಿಜಾನೇ ತಾನೆ? ಒಬ್ಬಳಿಗೆ ಸ್ವಲ್ಪ ಕಷ್ಟ ಆಗುತ್ತೆ. ಸಾವಿರ ಜನಕ್ಕೆ ಆಸ್ಪತ್ರೆ."

"ಅವಳ ಮನೇಲೇ ಮಲಗ್ತೀರಲ್ಲ ಸಾರ್."

"ದುಡ್ಡು ಕೊಡ್ತೀನಲ್ಲ" ಎಂದ.

ನಸಾರಿಯೊ ಮಾವ ಹೇಳಿದ್ದೂ ಇದೇ. ಆದರೆ ಅವನ ಬಾಯಲ್ಲಿ ಭಯ ಇತ್ತು. ಇವನ ಬಾಯಲ್ಲಿ ಮಾಂಸದ ತುಂಡು ಇತ್ತು, ಅಗಿಯುತ್ತಲೇ ಹೇಳಿದ. ನನ್ನ ಲೆಕ್ಕವನ್ನೇ ಇನ್ನೊಬ್ಬನ ಬಾಯಲ್ಲಿ ಕೇಳಿದ ಮೇಲೆ ಅದರ ಮುಖ ನೋಡಲಾಗಲಿಲ್ಲ.

ಫೆಬ್ರುವರಿ 1, ಬೆಳಿಗ್ಗೆ

ಪಟ್ಟಿ ಕಟ್ಟಲಿಲ್ಲ ಇವತ್ತು. ಹಾಲು ಹೆಚ್ಚುಕಡಿಮೆ ನಿಂತಿದೆ. ಮುನ್ಯಾ ಸೊಪ್ಪಿನ ಕಷಾಯ ಕುಡಿದೆ. ಮೋಡ ಇದೆ.

ಮೆಲಿತೋನನಿಗೆ ಮೊದಲು ಹೇಳಬೇಕಿತ್ತು. ಸಿಗ್ನಲ್ ಇಲ್ಲ. ಅಥವಾ ನಾನು ಎರಡು ಸಲ ಮಾತ್ರ ಪ್ರಯತ್ನಿಸಿದೆ. ಎರಡನೆಯದೇ ನಿಜ.

ಅದೇ ದಿನ, ಸಂಜೆ

ಹೇಳಿದೆ.

ಸಾಲಾಗಿ ಬರೆಯಲು ಬರುತ್ತಿಲ್ಲ. ನಿಲ್ಡಾಳನ್ನು ಅಂಗಳದ ನಡುವೆ ನಿಲ್ಲಿಸಿದ್ದರು. ಕೈಕಟ್ಟಿ ನಿಂತಿದ್ದಳು, ಗಲ್ಲ ಎತ್ತಿ. ಇವತ್ತೂ ಜೀನ್ಸೇ ಹಾಕಿದ್ದಳು. ನಸಾರಿಯೊ ಮಾವ ಕೇಳಿದ: "ಸಿಸ್ಟರ್, ಎಲ್ಲರನ್ನೂ ನೋಡಿದ್ರಾ?"

"ಇಲ್ಲ ಮಾವ. ಇಬ್ಬರನ್ನ ನೋಡ್ಲಿಲ್ಲ. ಒಬ್ಳು ನಿಲ್ಡಾ. ಇನ್ನೊಬ್ಳು ನಾನು. ನಿಲ್ಡಾನ ಬಿಡಿ. ಕೂಸು ನಂದು. ನಮ್ಮ ಮೇಲಿನ ಹೊಲದಲ್ಲಿದೆ."

ಕೋಕಾ ಅಗಿಯುವ ಸದ್ದು ನಿಂತುಹೋಯಿತು. ನಸಾರಿಯೊ ಮಾವನ ಕೈ ಚಾಟಿಯ ಮೇಲೆ ಹೋಗಿ ಹಾಗೇ ಕೆಳಗಿಳಿಯಿತು. ಅವನಿಗೆ ಏನು ಮಾಡಬೇಕೆಂದೇ ತೋಚಲಿಲ್ಲ, ಪಾಪ.

ಹಿಂದಿನಿಂದ ಒಬ್ಬ ಗಂಡಸು: "ನಮ್ಮ ಹೆಂಡ್ತೀರನ್ನೆಲ್ಲ ಬಿಚ್ಚಿಸಿ ನೋಡಿದ್ಲಲ್ಲ ಇವಳು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು." ಇನ್ನೊಬ್ಬ: "ಇವಳ ಹತ್ರ ಕೂಸು ಸಾಯಲ್ವಂತೆ." ಅದಕ್ಕೆ ಯಾರೋ ನಕ್ಕರು. ಆ ನಗು ಇನ್ನೂ ಕಿವಿಯಲ್ಲಿದೆ.

"ಸಾಯುತ್ತೆ" ಎಂದೆ. "ನನ್ನ ಹತ್ರಾನೂ ಸಾಯುತ್ತೆ. ಒಬ್ಬಳೇ ಇದ್ದೆ, ಬೋಟಿರ್ಲಿಲ್ಲ, ರೇಡಿಯೊ ಇರ್ಲಿಲ್ಲ. ನಾನು ಸುಳ್ಳು ಹೇಳಿದ್ದೆ ನಿಮಗೆ."

ಬಾರಿಯೊಸ್ ಕಾಗದದ ಚೀಲ ಮುಚ್ಚಿದ. ಮುಗಿಯಿತು ಎಂದುಕೊಂಡೆ. ಆಗ ಹುಸ್ತಾ ಎದ್ದಳು, ಹೊಟ್ಟೆ ಹಿಡಿದುಕೊಂಡು, ಗಂಡ ಶಾಲು ಜಗ್ಗುತ್ತಿದ್ದರೂ.

"ನಂದು ಮಾರ್ಚಲ್ಲಿ. ನಿಮ್ಮ ನ್ಯಾಯ ಅಷ್ಟರೊಳಗೆ ತೀರುತ್ತಾ ಹೇಗೆ? ಇವಳಿಗೇ ಬೋಟು ಸಿಗ್ಲಿಲ್ಲ, ನನಗೆ ಎಲ್ಲಿಂದ ಸಿಗುತ್ತೆ? ಕಾಗದ ಕೊಡಿ ಇಲ್ಲಿ."

ಹೆಂಗಸರ ಹೆಬ್ಬೆಟ್ಟು ಸಾಲದು, ಯಜಮಾನನದು ಬೇಕು. ಅರ್ಧ ದಿನ ಜಗಳ. ಕೊನೆಗೆ ನಸಾರಿಯೊ ಮಾವ ಹೇಳಿದ: ಕೂಸನ್ನು ಬಂಡೆ ಹತ್ತಿರ ಇಟ್ಟು ಬಂದ ಮೇಲೆ ಒತ್ತುತ್ತೇನೆ. ಗಂಡ ಬರಬೇಕು, ಇಬ್ಬರೂ ಹೊರಬೇಕು. ಹೊಸ ಪೋಸ್ಟಿನಲ್ಲಿ ನಾನಿರಬೇಕೋ ಬೇರೆಯವರು ಬರಬೇಕೋ, ಅದು ಕೊಯ್ಲಿನ ಮೇಲೆ ತೀರ್ಮಾನ. ನನ್ನ ಕಡೆ ನೋಡದೆ ಹೇಳಿದ. ಬಾರಿಯೊಸ್ ಕಾಗದ ಬಿಟ್ಟು ಹೋಗಿದ್ದಾನೆ.

ನಿಲ್ಡಾ ಹೋಗುವಾಗ ನನ್ನ ಮುಂದೆ ನಿಂತಳು. ಥ್ಯಾಂಕ್ಸ್ ಹೇಳುತ್ತಾಳೇನೋ ಎಂದುಕೊಂಡೆ. "ಹನ್ನೊಂದು ದಿನ ನೋಡ್ತಾ ಇದ್ಯಲ್ಲಕ್ಕ" ಎಂದಳು. ಅಷ್ಟೇ. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ.

ಆಮೇಲೆ ಗುಡ್ಡ ಹತ್ತಿದೆ. ಸಿಗ್ನಲ್ ಇತ್ತು. ಮೆಲಿತೋನ್ ಮೊದಲೇ ಕೇಳಿದ, "ಏನಾಯ್ತು, ಇವತ್ತು ಭಾನುವಾರ ಅಲ್ವಲ್ಲ?"

ಹೇಳಿದೆ. ಯಾವಾಗ ಎಂದು ಕೇಳಿದ. ಅದನ್ನೂ ಹೇಳಿದೆ. ಆ ಕಡೆ ಗಣಿಯ ಯಂತ್ರದ ಸದ್ದು. "ಒದೀತಾರೆ ಅಂದೆ ನೀನು" ಎಂದ. ಫೋನ್ ಇಟ್ಟ.

ಫೆಬ್ರುವರಿ 2

ಕ್ಯಾಂಡೆಲಾರಿಯಾ ಹಬ್ಬ. ಬೋಟುಗಳೆಲ್ಲ ಪುನೋಗೆ ಜನ ತುಂಬಿಕೊಂಡು ಹೋಗಿವೆ. ಪೋಸ್ಟಿಗೆ ಯಾರೂ ಬರಲಿಲ್ಲ. ಫ್ರಿಜ್ ನಾಲ್ಕು ಡಿಗ್ರಿ. ಮೆಲಿತೋನ್ ಬರುತ್ತಾನೋ ಇಲ್ಲವೋ...

ಫೆಬ್ರುವರಿ 3

ಬಂದ. ಹತ್ತರ ಬೋಟಿಗೆ, ಹಬ್ಬದಿಂದ ಮರಳುವ ವಾದ್ಯದವರ ನಡುವೆ. ಕಟ್ಟೆಯಿಂದ ಮನೆಯ ತನಕ ನನ್ನ ಮುಂದೆ ನಡೆದ, ತಿರುಗಿ ನೋಡಲಿಲ್ಲ. ತುಟಿ ಒಡೆದಿದೆ, ಗಣಿಯ ಥಂಡಿಗೆ. ಒಣಗಿಸಿದ ಆಲೂಗಡ್ಡೆಯ ಚೂನ್ಯೊ ಸಾರು ಬಡಿಸಿದೆ. ಉಂಡ. ಬಟ್ಟಲು ತಾನೇ ತೊಳೆದ.

ಆಮೇಲೆ ಚೀಲದಿಂದ ಹೆಣಿಗೆ ತೆಗೆದ. ನಮ್ಮಲ್ಲಿ ಕೂಸಿನ ಟೋಪಿ ಅಪ್ಪನೇ ಹೆಣೆಯಬೇಕು. ಗಣಿಯಲ್ಲಿ ಪಾಳಿ ಮುಗಿದ ಮೇಲೆ ಕೂತು ಹೆಣೆದಿದ್ದಾನೆ. ಕೆಂಪು, ಬಿಳಿ, ಅಂಚಿಗೆ ಹಕ್ಕಿ ಸಾಲು. ತಿಂಗಳು ತುಂಬಿ ಹುಟ್ಟುವ ಕೂಸಿನ ಅಳತೆಗೆ ಶುರು ಮಾಡಿದ್ದ. ಕೂತು ಬಿಚ್ಚತೊಡಗಿದ, ಸಣ್ಣದು ಮಾಡಲು. ಅವನ ಪಕ್ಕದಲ್ಲಿ ಕೂತೆ. ಏಳು ಎನ್ನಲಿಲ್ಲ.

ಅಜ್ಜಿ ಬಂದು ಹೊರಗೆ ಕೂತಿದ್ದಾಳೆ, ಉಪ್ಪು ತಂದಿದ್ದಾಳೆ. ನಸಾರಿಯೊ ಮಾವ ಸಲಿಕೆ ಹಿಡಿದು ನಿಂತಿದ್ದಾನೆ. ಹುಸ್ತಾ ಬಂದಿದ್ದಾಳೆ, ಬರಬೇಡ ಎಂದಿದ್ದೆ. ಆಕಾಶ ತಿಳಿಯಾಗಿದೆ. ಅವರಿಗೆ ಅದು ಸಾಕು. ನನಗೂ ಸಾಕು ಅನ್ನಿಸುತ್ತಿದೆ, ಓದಿದವಳಿಗೆ.

ಟೋಪಿ ಮುಗಿಯುವ ತನಕ ಎಲ್ಲರೂ ಕಾದರು. ಕೊನೆಯ ಗಂಟು ಹಾಕಿ, ದಾರ ಹಲ್ಲಿನಿಂದ ಕಡಿದು, ಮೆಲಿತೋನ್ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ.

"ಯಾರ ಹಾಗಿದ್ದ?"

"ನಿನ್ನ ಹಾಗೇ" ಎಂದೆ.

ತಲೆಯಾಡಿಸಿದ. ಅಳು ಬಂತು ಅವನಿಗೆ, ಟೋಪಿಯಿಂದಲೇ ಮುಖ ಒರೆಸಿಕೊಂಡ. ಅಪ್ಪನ ಹಾಗಿದ್ದರೆ ಅಪ್ಪನ ಹೆಸರೇ ಇರಲಿ ಎಂದ, ಅಜ್ಜಿಗೆ ಹೇಳಲು ಎದ್ದು ಹೊರಗೆ ಹೋಗಿದ್ದಾನೆ. ನಾನು ಶಾಲು ತರುವ ನೆಪ ಮಾಡಿ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಕರೆಯುತ್ತಿದ್ದಾರೆ. ಈಗ ಬಟ್ಟೆ ಬಿಡಿಸಿ ಟೋಪಿ ಹಾಕುತ್ತಾರೆ, ಎಲ್ಲರೂ ನೋಡುತ್ತಾರೆ. ಅವನಿಗೆ ಮೊದಲೇ ಹೇಳಬೇಕು, ಹೇಗೆ ಹೇಳಲಿ — ಆ ಸಂಜೆ ನಾನು ದೀಪ ಹಚ್ಚಲಿಲ್ಲ. ಗಂಡು ಎಂದು ಕೈಗೆ ತಿಳಿದದ್ದು, ಹಾಗೇ ಸುತ್ತಿಬಿಟ್ಟೆ. ಮುಖ ನಾನು ನೋಡಿಯೇ